ಹೋಗಿ ಬರುವ ದಾರಿ: ಮದುವೆಯಾಗಿ ಬೇರೆ ದೇಶದಲ್ಲಿ ನೆಲೆಸಿದ ಹೆಣ್ಣುಮಕ್ಕಳ ತವರು ಭೇಟಿಗೆ ಒಂದು ಕೈಪಿಡಿ

ಮದುವೆಯ ನಂತರ ಗಂಡನ ದೇಶಕ್ಕೆ ಹೋಗಿ ನೆಲೆಸಿದ ಹೆಣ್ಣುಮಗಳು ಮೊದಲ ಸಲ ತವರಿಗೆ ಹೊರಡುವ ಮಾತೆತ್ತಿದಾಗ, ಇನ್ನೂ ಸ್ವಲ್ಪ ದಿನ ಕಳೆಯಲಿ, ಇಲ್ಲಿಗೆ ಚೆನ್ನಾಗಿ ಹೊಂದಿಕೊಂಡ ಮೇಲೆ ಹೋಗಿ ಬಂದರಾಯಿತು ಎಂಬ ಉತ್ತರ ಬರುವುದುಂಟು. ಹೀಗೆ ಹೇಳುವವರ ಮನಸ್ಸಿನಲ್ಲಿ ಕೆಟ್ಟ ಉದ್ದೇಶ ಇರಲೇಬೇಕೆಂದಿಲ್ಲ; ತವರಿನ ಸೆಳೆತ ಹೊಸ ನೆಲದಲ್ಲಿ ಬೇರೂರಲು ಬಿಡುವುದಿಲ್ಲ ಎಂದು ಅವರು ನಿಜವಾಗಿಯೂ ನಂಬಿರುತ್ತಾರೆ. ಆ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಬೇಕೆಂದಾಗ ಹೋಗಿ ಬರಬಲ್ಲೆ ಎಂಬ ಭರವಸೆ ಇರುವವಳು ಹೊಸ ಊರಿನ ಭಾಷೆಯನ್ನೂ ರೀತಿನೀತಿಗಳನ್ನೂ ಅಂಜಿಕೆಯಿಲ್ಲದೆ ಕಲಿಯುತ್ತಾಳೆ. ದಾರಿ ಮುಚ್ಚಿದೆ ಎಂದು ಅನಿಸಿದವಳಿಗೆ ಆ ಊರು ಎಷ್ಟು ಚೆನ್ನಾಗಿದ್ದರೂ ಅಲ್ಲಿ ಉಸಿರು ಕಟ್ಟುತ್ತದೆ. ಆದ್ದರಿಂದ ತವರಿನ ಭೇಟಿಯನ್ನು ಹೊಂದಿಕೊಂಡದ್ದಕ್ಕೆ ಸಿಗುವ ಬಹುಮಾನವೆಂದು ಎಣಿಸದೆ, ಹೊಂದಿಕೊಳ್ಳುವ ಕೆಲಸದ್ದೇ ಒಂದು ಭಾಗವೆಂದು ತಿಳಿದು ಯೋಜಿಸಬೇಕು. ಹಾಗೆ ಯೋಜಿಸುವಾಗ ಗಮನಿಸಬೇಕಾದ ಸಂಗತಿಗಳನ್ನು ಇಲ್ಲಿ ವಿವರಿಸಿದ್ದೇನೆ.

ಹೊಸ ಸಂಸ್ಕೃತಿಗೆ ಒಗ್ಗಿಕೊಳ್ಳುವುದು ಮೆಟ್ಟಿಲು ಹತ್ತಿದಂತೆ ಒಂದೇ ಸಮನೆ ಸಾಗುವುದಿಲ್ಲ ಎಂಬುದನ್ನು ಮೊದಲೇ ತಿಳಿದಿದ್ದರೆ ಅರ್ಧ ಆತಂಕ ಕಡಿಮೆಯಾಗುತ್ತದೆ. ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್ 1954ರಲ್ಲಿ ರಿಯೊ ಡಿ ಜನೈರೊ ನಗರದ ಮಹಿಳಾ ಕ್ಲಬ್ಬೊಂದರಲ್ಲಿ ಮಾಡಿದ ಉಪನ್ಯಾಸದಲ್ಲಿ ಇದನ್ನೇ ಹೇಳಿದ್ದರು: ಮೊದಮೊದಲು ಎಲ್ಲವೂ ಚೆಂದ ಕಾಣುತ್ತದೆ, ಆಮೇಲೆ ಪ್ರತಿಯೊಂದೂ ಸಿಟ್ಟು ತರಿಸುತ್ತದೆ, ನಿಧಾನವಾಗಿ ದಾರಿ ತಿಳಿಯುತ್ತದೆ, ಕೊನೆಗೆ ಬದುಕು ಸಹಜವಾಗುತ್ತದೆ. ಅವರು ಬಳಸಿದ 'ಕಲ್ಚರ್ ಶಾಕ್' ಎಂಬ ಮಾತು ಆಮೇಲೆ ಜಗತ್ತಿನಾದ್ಯಂತ ಹರಡಿತು. 1963ರಲ್ಲಿ ಸಂಶೋಧಕರಾದ ಗಲ್ಲಾಹಾರ್ನ್ ದಂಪತಿ ಈ ಚಿತ್ರಕ್ಕೆ ಇನ್ನೊಂದು ಇಳಿತವನ್ನು ಸೇರಿಸಿದರು. ಪರದೇಶದಿಂದ ಸ್ವದೇಶಕ್ಕೆ ಮರಳಿದವರೂ ಮತ್ತೊಮ್ಮೆ ಅದೇ ತಳಮಳವನ್ನು ಅನುಭವಿಸುತ್ತಾರೆ ಎಂಬುದು ಅವರು ಗಮನಿಸಿದ ವಿಷಯ. ತವರಿಗೆ ಹೋಗಿ ಬರುವ ಹೆಂಡತಿಯ ಪಾಲಿಗೆ ಈ ಏರಿಳಿತ ಪ್ರತಿ ಭೇಟಿಯಲ್ಲೂ ಎರಡು ಸಲ ಬರುತ್ತದೆ: ತವರಿಗೆ ಕಾಲಿಟ್ಟ ಮೇಲೆ ಒಮ್ಮೆ, ಮರಳಿ ಬಂದ ಮೇಲೆ ಮತ್ತೊಮ್ಮೆ.

ಸಮಯ ಮತ್ತು ಅವಧಿ

ಮೊದಲ ಭೇಟಿ ಎರಡನೆಯ ವರ್ಷ ಮುಗಿಯುವುದರೊಳಗೆ ಆಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ತೀರಾ ಮೊದಲ ತಿಂಗಳುಗಳಲ್ಲಿ ಹೊರಟರೆ ಆಗಷ್ಟೇ ನಾಲಿಗೆಗೆ ಹತ್ತುತ್ತಿರುವ ಭಾಷೆ ಕೈಬಿಟ್ಟುಹೋಗುತ್ತದೆ, ಶುರುವಾದ ತರಗತಿ ಅರ್ಧಕ್ಕೆ ನಿಲ್ಲುತ್ತದೆ. ತೀರಾ ತಡಮಾಡಿದರೆ ಬಸಿರು, ಬಾಣಂತನ, ಹೊಸ ಕೆಲಸ, ಮನೆಯ ಸಾಲ ಎಂದು ಒಂದಲ್ಲ ಒಂದು ಕಾರಣ ಅಡ್ಡ ಬರುತ್ತದೆ, ಮತ್ತು 'ಹೊಂದಿಕೊಂಡ ಮೇಲೆ' ಎಂಬ ಗಡಿ ಪ್ರತಿ ವರ್ಷವೂ ಇನ್ನಷ್ಟು ಮುಂದಕ್ಕೆ ಸರಿಯುತ್ತದೆ. ಮೊದಲ ಭೇಟಿಯ ತಿಂಗಳನ್ನು ಮದುವೆಗೆ ಮುಂಚೆಯೇ ಮಾತನಾಡಿ ಗೊತ್ತುಮಾಡಿಕೊಂಡ ದಂಪತಿಗೆ ಈ ಜಗ್ಗಾಟವೇ ಇರುವುದಿಲ್ಲ.

ಅವಧಿಯ ವಿಷಯದಲ್ಲಿ ಮೂರರಿಂದ ಆರು ವಾರ ಸೂಕ್ತವೆಂದು ನನಗೆ ತೋರುತ್ತದೆ. ದೂರದ ದೇಶವಾದರೆ ನಿದ್ದೆಯ ಹೊತ್ತು ಸರಿಹೋಗಲು, ಎರಡು ದೇಶಗಳ ಗಡಿಯಾರದ ಅಂತರದ ಪ್ರತಿ ಗಂಟೆಗೆ ಒಂದು ದಿನದ ಲೆಕ್ಕದಲ್ಲಿ, ಒಂದು ವಾರವಾದರೂ ಬೇಕಾಗುತ್ತದೆ. ಎರಡು ವಾರದ ಭೇಟಿಯಲ್ಲಿ ಉಳಿಯುವುದು ನೆಂಟರ ಮನೆಗಳಿಗೆ ಓಡಾಡುವಷ್ಟು ಸಮಯ ಮಾತ್ರ. ಎರಡು ತಿಂಗಳು ಮೀರಿದರೆ ಹೊಸ ಊರಿನ ದಿನಚರಿಯ ಎಳೆ ಕಡಿದುಹೋಗಿ, ಮರಳಿ ಬಂದಾಗ ಮೊದಲಿನಿಂದ ಆರಂಭಿಸಿದಂತೆ ಆಗುತ್ತದೆ. ಹೆತ್ತವರಲ್ಲಿ ಯಾರಿಗಾದರೂ ಕಾಯಿಲೆಯಿದ್ದರೆ ಈ ಲೆಕ್ಕ ಅನ್ವಯಿಸುವುದಿಲ್ಲ. ಆಗ ಕಾನೂನು ಎಷ್ಟು ದಿನ ಬಿಡುತ್ತದೆ ಎಂಬುದೊಂದೇ ಪ್ರಶ್ನೆ.

ಕಾಗದಪತ್ರಗಳು ನಿಮ್ಮ ಕೈಯಲ್ಲಿರಲಿ

ಟಿಕೆಟ್ ಕೊಳ್ಳುವ ಮೊದಲು ಮಾಡಬೇಕಾದ ಕೆಲಸ ಇದು. ನಿಮ್ಮ ವಾಸದ ಅನುಮತಿ ಯಾವ ಬಗೆಯದು, ದೇಶದಿಂದ ಎಷ್ಟು ದಿನ ಹೊರಗಿದ್ದರೆ ಅದು ರದ್ದಾಗುತ್ತದೆ ಎಂಬುದನ್ನು ಸರ್ಕಾರಿ ವೆಬ್‌ಸೈಟಿನಲ್ಲಿಯೇ ಓದಿ ತಿಳಿದುಕೊಳ್ಳಬೇಕು, ಏಕೆಂದರೆ ಒಂದು ದೇಶದ ನಿಯಮ ಇನ್ನೊಂದಕ್ಕೆ ಹೊಂದುವುದಿಲ್ಲ. ಜರ್ಮನಿಯಲ್ಲಿ ಸಾಮಾನ್ಯ ವಾಸದ ಪರವಾನಗಿ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಬಿದ್ದುಹೋಗುತ್ತದೆ. ಜಪಾನಿನಲ್ಲಿ ಹೊರಡುವಾಗ ವಿಮಾನ ನಿಲ್ದಾಣದ ನಮೂನೆಯಲ್ಲಿ ವಿಶೇಷ ಮರುಪ್ರವೇಶದ ಚೌಕದಲ್ಲಿ ಗುರುತು ಹಾಕಿದರೆ ಒಂದು ವರ್ಷದೊಳಗೆ ಮರಳಬಹುದು. ಆ ವರ್ಷವನ್ನು ಹೊರದೇಶದಲ್ಲಿ ಕುಳಿತು ವಿಸ್ತರಿಸಿಕೊಳ್ಳಲು ಆಗುವುದಿಲ್ಲ. ಕೆನಡಾದ ಕಾಯಂ ನಿವಾಸಿಯು ಐದು ವರ್ಷಗಳಲ್ಲಿ 730 ದಿನಗಳ ವಾಸದ ಲೆಕ್ಕವನ್ನು ತೋರಿಸಬೇಕು. ಬ್ರಿಟನ್ನಿನಲ್ಲಿ ಕಾಯಂ ವಾಸದ ಹಕ್ಕು ಸಾಮಾನ್ಯವಾಗಿ ಎರಡು ವರ್ಷ ಮೀರಿ ಹೊರಗಿದ್ದರೆ ಇಲ್ಲವಾಗುತ್ತದೆ.

ಅಮೆರಿಕದಲ್ಲಿ ನೆಲೆಸಿದವರು ಇನ್ನೂ ಎಚ್ಚರ ವಹಿಸಬೇಕು. ಗ್ರೀನ್ ಕಾರ್ಡ್ ಇರುವವರು ಆರು ತಿಂಗಳು ಮೀರಿ ಹೊರಗಿದ್ದರೆ ಮರಳುವಾಗ ಪ್ರಶ್ನೆಗಳು ಏಳುತ್ತವೆ, ಮತ್ತು ಪೌರತ್ವಕ್ಕೆ ಬೇಕಾದ ನಿರಂತರ ವಾಸದ ಲೆಕ್ಕ ಕೆಡುವ ಸಂಭವವಿದೆ. ಒಂದು ವರ್ಷಕ್ಕೂ ಹೆಚ್ಚು ಹೊರಗಿರಬೇಕಾಗಬಹುದು ಎಂದಾದರೆ ಹೊರಡುವ ಮೊದಲೇ, ದೇಶದೊಳಗೆ ಇರುವಾಗಲೇ, ಮರುಪ್ರವೇಶದ ಪರವಾನಗಿಗೆ ಅರ್ಜಿ ಹಾಕಬೇಕು. ಗ್ರೀನ್ ಕಾರ್ಡಿನ ಅರ್ಜಿ ಇನ್ನೂ ತೀರ್ಮಾನವಾಗದೆ ಉಳಿದಿರುವಾಗ ಅಡ್ವಾನ್ಸ್ ಪೆರೋಲ್, ಅಂದರೆ ಹೊರಗೆ ಹೋಗಿ ಮರಳಲು ಮುಂಚಿತವಾಗಿ ಪಡೆಯುವ ಅನುಮತಿ, ಇಲ್ಲದೆ ಹೊರಟರೆ, ಕೆಲವು ವೀಸಾಗಳ ವಿನಾಯಿತಿ ಬಿಟ್ಟರೆ, ಅರ್ಜಿಯನ್ನೇ ಕೈಬಿಟ್ಟಂತೆ ಎಣಿಸಲಾಗುತ್ತದೆ. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಕಾಯಂ ವಾಸ ಸಿಕ್ಕಿದ್ದರೆ ಅದು ಎರಡು ವರ್ಷದ ಷರತ್ತುಬದ್ಧ ಅನುಮತಿ. ಆ ಷರತ್ತನ್ನು ತೆಗೆಸುವ ಜಂಟಿ ಅರ್ಜಿಯನ್ನು ಅವಧಿ ಮುಗಿಯುವ ಮುನ್ನಿನ 90 ದಿನಗಳಲ್ಲಿ ಸಲ್ಲಿಸಬೇಕಾದ್ದರಿಂದ, ತವರಿನ ಭೇಟಿಯನ್ನು ಆ 90 ದಿನಗಳ ಮೇಲೆ ಬೀಳದಂತೆ ಇಟ್ಟುಕೊಳ್ಳುವುದು ಜಾಣತನ.

ಪಾಸ್‌ಪೋರ್ಟಿನಲ್ಲಿ ಪ್ರಯಾಣದ ದಿನದಿಂದ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲಿ. ಹಲವು ದೇಶಗಳು ಇದನ್ನು ಕೇಳುತ್ತವೆ. ಮದುವೆಯ ನಂತರ ಹೆಸರು ಬದಲಾಗಿದ್ದರೆ ಟಿಕೆಟ್, ಪಾಸ್‌ಪೋರ್ಟ್, ವಾಸದ ಕಾರ್ಡ್ ಮೂರರಲ್ಲೂ ಒಂದೇ ಹೆಸರಿದೆಯೇ ಎಂದು ಅಕ್ಷರ ಅಕ್ಷರ ನೋಡಿಕೊಳ್ಳಬೇಕು. ದಾರಿಯಲ್ಲಿ ವಿಮಾನ ಬದಲಿಸುವ ದೇಶಕ್ಕೆ ನಿಮ್ಮ ಪಾಸ್‌ಪೋರ್ಟಿನವರಿಗೆ ಟ್ರಾನ್ಸಿಟ್ ವೀಸಾ ಬೇಕೇ ಎಂಬುದನ್ನೂ ವಿಚಾರಿಸಿ. ಗಂಡನಿಗೆ ಬೇಡದ ವೀಸಾ ಹೆಂಡತಿಗೆ ಬೇಕಾಗುವುದು ಅಪರೂಪವಲ್ಲ.

ಗಂಡನ ದೇಶದ ಪೌರತ್ವ ಪಡೆಯುವ ಮಾತು ಬಂದಾಗ ಅದರಿಂದ ತವರಿನ ದಾರಿ ಏನಾಗುತ್ತದೆ ಎಂಬುದನ್ನು ಅರ್ಜಿಗೆ ಸಹಿ ಹಾಕುವ ಮುಂಚೆ ಯೋಚಿಸಬೇಕು. ಮದುವೆಯಾದ ಕಾರಣಕ್ಕೇ ಹೆಣ್ಣಿನ ಪೌರತ್ವ ತಾನಾಗಿ ಬದಲಾಗಬಾರದು ಎಂದು ವಿಶ್ವಸಂಸ್ಥೆಯ 1957ರ ವಿವಾಹಿತ ಮಹಿಳೆಯರ ರಾಷ್ಟ್ರೀಯತೆಯ ಒಪ್ಪಂದ ಹೇಳುತ್ತದೆ, ನಿರ್ಧಾರ ನಿಮ್ಮದೇ. ಆದರೆ ಭಾರತ, ಚೀನಾದಂಥ ದೇಶಗಳು ಇಮ್ಮಡಿ ಪೌರತ್ವವನ್ನು ಒಪ್ಪುವುದಿಲ್ಲವಾದ್ದರಿಂದ, ಅಂಥ ದೇಶದ ಮಗಳು ಹೊಸ ಪೌರತ್ವ ಪಡೆದ ಮೇಲೆ ತಾನು ಹುಟ್ಟಿದ ನೆಲಕ್ಕೆ ವೀಸಾ ಅಥವಾ ಅದಕ್ಕೆ ಸಮನಾದ ಕಾರ್ಡ್ ಹಿಡಿದು ಬರಬೇಕಾಗುತ್ತದೆ. ಮೊದಲ ಸಲ ವಿದೇಶಿಯರ ಸಾಲಿನಲ್ಲಿ ನಿಂತು, ಎದುರಿನ ಅಧಿಕಾರಿ ತನ್ನ ಮಾತೃಭಾಷೆಯಲ್ಲಿ ಪಕ್ಕದ ಸಹೋದ್ಯೋಗಿಯೊಂದಿಗೆ ಮಾತನಾಡುತ್ತ ತನ್ನನ್ನು ಮಾತ್ರ ಇಂಗ್ಲಿಷಿನಲ್ಲಿ ಪ್ರಶ್ನಿಸುವುದನ್ನು ಕೇಳುವಾಗ ಎದೆಯಲ್ಲಿ ಏನೋ ಕುಸಿದಂತಾಗುತ್ತದೆ. ಪೌರತ್ವ ಬೇಡ ಎನ್ನಲು ಇದು ಕಾರಣವಾಗಬೇಕಿಲ್ಲ. ಆ ಗಳಿಗೆಗೆ ಮನಸ್ಸನ್ನು ಮೊದಲೇ ಸಿದ್ಧಮಾಡಿಕೊಂಡಿದ್ದರೆ ಸಾಕು.

ಇವೆಲ್ಲಕ್ಕಿಂತ ಮುಖ್ಯವಾದ ಮಾತೆಂದರೆ, ನಿಮ್ಮ ಪಾಸ್‌ಪೋರ್ಟ್ ನಿಮ್ಮ ಬಳಿಯೇ ಇರಬೇಕು. ಪಾಸ್‌ಪೋರ್ಟನ್ನು ಸರ್ಕಾರವು ನಿಮ್ಮ ಹೆಸರಿಗೆ ಕೊಟ್ಟಿರುತ್ತದೆ. ಅದನ್ನು ಬೀಗ ಹಾಕಿ ಇಟ್ಟುಕೊಳ್ಳುವ ಅಧಿಕಾರ ಗಂಡನಿಗೂ ಇಲ್ಲ, ಅತ್ತೆ ಮಾವನಿಗೂ ಇಲ್ಲ. ಓಡಾಡುವ ಮತ್ತು ವಾಸಸ್ಥಳವನ್ನು ಆರಿಸಿಕೊಳ್ಳುವ ವಿಷಯದಲ್ಲಿ ಹೆಣ್ಣಿಗೂ ಗಂಡಿಗೂ ಕಾನೂನು ಒಂದೇ ಹಕ್ಕು ಕೊಡಬೇಕೆಂದು ಮಹಿಳೆಯರ ವಿರುದ್ಧದ ತಾರತಮ್ಯವನ್ನು ತೊಡೆದುಹಾಕುವ 1979ರ ವಿಶ್ವಸಂಸ್ಥೆಯ ಒಪ್ಪಂದದ 15ನೆಯ ವಿಧಿ ಹೇಳುತ್ತದೆ. ಭದ್ರವಾಗಿರಲಿ ಎಂಬ ಹೆಸರಿನಲ್ಲಿ ಯಾರಾದರೂ ಅದನ್ನು ತೆಗೆದಿಟ್ಟುಕೊಂಡಿದ್ದರೆ, ಮೃದುವಾಗಿಯೇ ಆದರೂ ಖಡಾಖಂಡಿತವಾಗಿ ಹಿಂದಕ್ಕೆ ಕೇಳಿ ಪಡೆಯಿರಿ.

ಮರಳುವ ಟಿಕೆಟ್ ಯಾರ ಬಳಿ ಇದೆ

ಬರೆಯಲು ಹಿತವಲ್ಲದಿದ್ದರೂ ಇದನ್ನು ಬಿಡುವಂತಿಲ್ಲ. ಹೆಂಡತಿಯನ್ನು ತವರಿಗೆ ಕರೆದುಕೊಂಡು ಹೋಗಿ, ಅಲ್ಲಿ ಅವಳ ಪಾಸ್‌ಪೋರ್ಟನ್ನೂ ವಾಸದ ಕಾರ್ಡನ್ನೂ ಎತ್ತಿಕೊಂಡು ಗಂಡ ಒಬ್ಬನೇ ಮರಳಿಬಿಡುವ ಪ್ರಕರಣಗಳು ಹಲವು ದೇಶಗಳಲ್ಲಿ ಬೆಳಕಿಗೆ ಬಂದಿವೆ. ಹೀಗೆ ಹೊರದೇಶದಲ್ಲಿ ತೊರೆಯಲ್ಪಟ್ಟ ಹೆಂಡತಿಯರು ಕೌಟುಂಬಿಕ ದೌರ್ಜನ್ಯದ ಸಂತ್ರಸ್ತರಾಗಿ ಮರಳಿ ಬರಲು ಅರ್ಜಿ ಸಲ್ಲಿಸುವ ದಾರಿಯನ್ನು ಬ್ರಿಟನ್ 2024ರಲ್ಲಿ ತನ್ನ ವಲಸೆ ನಿಯಮಗಳಲ್ಲಿ ಸೇರಿಸಿತು. ಅಮೆರಿಕದ 1994ರ ಕಾನೂನೊಂದು, ಪೌರನೋ ಕಾಯಂ ನಿವಾಸಿಯೋ ಆದ ಗಂಡನಿಂದ ಹಿಂಸೆಗೆ ಒಳಗಾದ ಹೆಂಡತಿ ಅವನ ನೆರವಿಲ್ಲದೆ ತಾನೇ ವಲಸೆಯ ಅರ್ಜಿ ಹಾಕಿಕೊಳ್ಳಲು ಅವಕಾಶ ಕೊಟ್ಟಿದೆ. ಸಂಸಾರದಲ್ಲಿ ಬಿರುಕು ಇರುವಾಗ ಇದ್ದಕ್ಕಿದ್ದಂತೆ ತವರಿನ ಪ್ರಯಾಣದ ಏರ್ಪಾಡಾದರೆ, ಹೋಗುವ ಟಿಕೆಟ್ ಮಾತ್ರ ಕೊಂಡಿದ್ದರೆ, ಅಥವಾ ಮಕ್ಕಳ ಪಾಸ್‌ಪೋರ್ಟುಗಳು ಎಲ್ಲಿವೆ ಎಂದು ಕೇಳಿದಾಗ ಸರಿಯಾದ ಉತ್ತರ ಬಾರದಿದ್ದರೆ, ಹೊರಡುವ ಮುಂಚೆಯೇ ವಲಸೆ ವಕೀಲರನ್ನೋ ಮಹಿಳಾ ಸಹಾಯವಾಣಿಯನ್ನೋ ಸಂಪರ್ಕಿಸಬೇಕು.

ಸಂಸಾರ ಸುಖವಾಗಿರುವವರೂ ಒಂದಿಷ್ಟು ಮುನ್ನೆಚ್ಚರಿಕೆ ವಹಿಸುವುದರಲ್ಲಿ ತಪ್ಪಿಲ್ಲ. ಪಾಸ್‌ಪೋರ್ಟ್, ವಾಸದ ಕಾರ್ಡ್, ಮದುವೆಯ ನೋಂದಣಿ ಪತ್ರ, ಮಕ್ಕಳ ಜನನ ಪ್ರಮಾಣಪತ್ರ ಇವುಗಳ ಸ್ಪಷ್ಟ ಚಿತ್ರಗಳನ್ನು ನೀವೊಬ್ಬರೇ ತೆರೆಯಬಲ್ಲ ಇಮೇಲ್ ಖಾತೆಗೆ ಕಳುಹಿಸಿಟ್ಟುಕೊಳ್ಳಿ. ಮರಳುವ ಟಿಕೆಟ್ ನಿಮ್ಮ ಹೆಸರಿನ ಇಮೇಲಿಗೇ ಬರುವಂತೆ ಮಾಡಿ. ತವರಿನಲ್ಲಿ ನಂಬಿಕೆಯ ಒಬ್ಬರ ಬಳಿ ಒಂದು ಪ್ರತಿ ಇರಲಿ, ಮತ್ತು ಒಂದು ಟಿಕೆಟ್ ಕೊಳ್ಳುವಷ್ಟು ಹಣ ನಿಮ್ಮದೇ ಖಾತೆಯಲ್ಲಿರಲಿ. ಈ ಹಣಕ್ಕೆ ಇನ್ನೊಂದು ಉಪಯೋಗವೂ ಇದೆ: ಅಪ್ಪನಿಗೋ ಅಮ್ಮನಿಗೋ ಹಠಾತ್ತಾಗಿ ಹುಷಾರು ತಪ್ಪಿದ ದಿನ ಯಾರನ್ನೂ ಕೇಳದೆ ಹೊರಟುಬಿಡಬಹುದು.

ಮಕ್ಕಳೊಂದಿಗೆ ಹೊರಡುವಾಗ

ತಾಯಿಯೊಬ್ಬಳೇ ಮಕ್ಕಳನ್ನು ಕರೆದುಕೊಂಡು ಗಡಿ ದಾಟುವುದಾದರೆ ತಂದೆಯ ಒಪ್ಪಿಗೆ ಪತ್ರ ಜೊತೆಯಲ್ಲಿರಬೇಕು. ಬ್ರೆಜಿಲ್‌ನಂಥ ಕೆಲವು ದೇಶಗಳಲ್ಲಿ ತಮ್ಮ ಪೌರರಾದ ಮಕ್ಕಳು ಒಬ್ಬರೇ ಪಾಲಕರೊಂದಿಗೆ ಹೊರಡಲು ಇದು ಕಡ್ಡಾಯ. ಕಡ್ಡಾಯವಲ್ಲದ ಕಡೆಯೂ, ತಾಯಿಯ ಮತ್ತು ಮಗುವಿನ ಮನೆತನದ ಹೆಸರು ಬೇರೆಬೇರೆ ಆಗಿದ್ದರೆ, ಅಧಿಕಾರಿ ಕೇಳಬಹುದು. ಆ ಪತ್ರದಲ್ಲಿ ಮಗುವಿನ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ಸಂಖ್ಯೆ, ಹೋಗುವ ಊರು, ಉಳಿಯುವ ವಿಳಾಸ, ಹೊರಡುವ ಮತ್ತು ಮರಳುವ ದಿನಾಂಕ, ತಂದೆಯ ಸಹಿ ಮತ್ತು ಫೋನ್ ಸಂಖ್ಯೆ ಇರಲಿ. ನೋಟರಿಯ ಮುಂದೆ ಸಹಿ ಮಾಡಿಸಿದರೆ ಇನ್ನೂ ಒಳ್ಳೆಯದು.

ಮರಳುವ ದಿನಾಂಕವನ್ನು ಬರೆದಿಡುವುದಕ್ಕೆ ಗಟ್ಟಿಯಾದ ಕಾರಣವಿದೆ. ಮಕ್ಕಳ ಅಂತರರಾಷ್ಟ್ರೀಯ ಅಪಹರಣವನ್ನು ಕುರಿತ 1980ರ ಹೇಗ್ ಒಪ್ಪಂದದಲ್ಲಿ ಇಂದು ನೂರಕ್ಕೂ ಹೆಚ್ಚು ದೇಶಗಳಿವೆ. ಇನ್ನೊಬ್ಬ ಪಾಲಕರ ಒಪ್ಪಿಗೆಯಿಲ್ಲದೆ ಹದಿನಾರು ವರ್ಷದೊಳಗಿನ ಮಗುವನ್ನು ಅದು ವಾಸವಿರುವ ದೇಶದಿಂದ ಕರೆದೊಯ್ಯುವುದಷ್ಟೇ ಅಲ್ಲದೆ, ಒಪ್ಪಿದ ದಿನ ಮೀರಿ ಹೊರಗೆ ಉಳಿಸಿಕೊಳ್ಳುವುದನ್ನೂ ಅದು ತಪ್ಪೆಂದು ಪರಿಗಣಿಸುತ್ತದೆ. ನಿಮ್ಮ ತಾಯಿಗೆ ಹುಷಾರಿಲ್ಲವೆಂದು ಇನ್ನೆರಡು ವಾರ ಉಳಿಯಬೇಕಾಗಿ ಬಂದರೆ ಫೋನಿನಲ್ಲಿ ಹೇಳಿ ಸುಮ್ಮನಾಗದೆ, ಗಂಡನಿಂದ ಒಂದು ಸಾಲಿನ ಒಪ್ಪಿಗೆಯನ್ನಾದರೂ ಬರಹದಲ್ಲಿ ತರಿಸಿಕೊಳ್ಳಿ. ಭಾರತ ಈ ಒಪ್ಪಂದಕ್ಕೆ ಸೇರಿಲ್ಲ, ಆದರೆ ಮಗು ವಾಸವಿರುವ ದೇಶದ ನ್ಯಾಯಾಲಯಗಳು ಈ ವಿಷಯವನ್ನು ಬಿಗಿಯಾಗಿಯೇ ನೋಡುತ್ತವೆ. ಶಾಲೆಯ ದಿನಗಳಲ್ಲಿ ಹೊರಡುವುದಾದರೆ ಮುಂಚಿತವಾಗಿ ಅನುಮತಿ ಪಡೆಯಬೇಕು. ಇಂಗ್ಲೆಂಡಿನಲ್ಲಿ ಅನುಮತಿಯಿಲ್ಲದೆ ಮಗುವನ್ನು ಶಾಲೆ ಬಿಡಿಸಿದರೆ ಪಾಲಕರಿಗೆ ದಂಡ ಬೀಳಬಹುದು.

ಮಗುವಿಗೂ ಅಜ್ಜ ಅಜ್ಜಿಗೂ ನಡುವೆ ಭಾಷೆಯ ಗೋಡೆ ಇದ್ದರೆ ಅದನ್ನು ಪ್ರಯಾಣದ ಹಿಂದಿನ ವಾರ ಒಡೆಯಲು ಆಗುವುದಿಲ್ಲ. ಹುಟ್ಟಿದ ದಿನದಿಂದಲೇ ತಾಯಿ ತನ್ನ ಭಾಷೆಯಲ್ಲಿ ಮಗುವಿನೊಂದಿಗೆ ಮಾತನಾಡಬೇಕು. ಎರಡು ಭಾಷೆ ಕೇಳಿದರೆ ಮಗು ಗೊಂದಲಗೊಳ್ಳುತ್ತದೆ, ಮಾತು ತಡವಾಗುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಹೊರಡುವ ಮುನ್ನಿನ ತಿಂಗಳುಗಳಲ್ಲಿ ವಿಡಿಯೊ ಕರೆಯಲ್ಲಿ ಅಜ್ಜಿಗೆ ನಮಸ್ಕಾರ ಹೇಳು ಎಂದು ಒತ್ತಾಯಿಸುವುದಕ್ಕಿಂತ, ಅಜ್ಜಿ ದಿನಕ್ಕೊಂದು ಕಥೆ ಹೇಳುವ, ಮಗು ತನ್ನ ಆಟಿಕೆಗಳನ್ನು ಒಂದೊಂದಾಗಿ ತೋರಿಸುವ ರೂಢಿ ಬೆಳೆಸಿದರೆ ಹೆಚ್ಚು ಪ್ರಯೋಜನ. ಅಷ್ಟಾದರೂ ಎದುರಿಗೆ ನಿಂತಾಗ ಮಗು ಅಮ್ಮನ ಬೆನ್ನ ಹಿಂದೆ ಅಡಗಬಹುದು. ಆಗ ಅದನ್ನು ಮುಂದಕ್ಕೆ ತಳ್ಳಿ ಅಪ್ಪಿಕೊಳ್ಳುವಂತೆ ಮಾಡಬೇಡಿ. ಅಜ್ಜಿಗೂ ಮೊದಲೇ ಹೇಳಿಡಿ: ಎರಡು ದಿನ ಮಗುವನ್ನು ಹತ್ತಿರ ಕರೆಯದೆ ಪಕ್ಕದಲ್ಲಿ ಸುಮ್ಮನೆ ಏನಾದರೂ ಕೆಲಸ ಮಾಡುತ್ತಿರಿ, ಕುತೂಹಲ ತಡೆಯದೆ ತಾನೇ ಬರುತ್ತದೆ ಎಂದು. ಓರಗೆಯ ಮಕ್ಕಳಿದ್ದರೆ ಇನ್ನೂ ಸುಲಭ. ಆಟದಲ್ಲಿ ಕಲಿತ ಹತ್ತು ಮಾತು ದೊಡ್ಡವರು ಹೇಳಿಕೊಟ್ಟ ನೂರು ಮಾತಿಗಿಂತ ಗಟ್ಟಿಯಾಗಿ ಉಳಿಯುತ್ತವೆ.

ಆರೋಗ್ಯದ ವಿಷಯದಲ್ಲಿ, ಹುಟ್ಟಿದೂರಿಗೆ ಹೋಗುವುದಕ್ಕೆ ಮುನ್ನೆಚ್ಚರಿಕೆ ಯಾಕೆ ಎಂಬ ಧೋರಣೆ ಅಪಾಯಕಾರಿ. ಮಲೇರಿಯಾ ಇರುವ ಪ್ರದೇಶದಲ್ಲಿ ಬೆಳೆದವರ ದೇಹದಲ್ಲಿದ್ದ ಅಲ್ಪಸ್ವಲ್ಪ ರಕ್ಷಣೆ ಹೊರಗಿದ್ದ ವರ್ಷಗಳಲ್ಲಿ ಕುಗ್ಗಿಹೋಗುತ್ತದೆ, ಹೊರದೇಶದಲ್ಲೇ ಹುಟ್ಟಿದ ಮಕ್ಕಳಿಗೆ ಅದು ಇರುವುದೇ ಇಲ್ಲ. ಹೊರಡುವ ಒಂದೆರಡು ತಿಂಗಳ ಮುಂಚೆ ವೈದ್ಯರನ್ನು ಕಂಡು ಲಸಿಕೆ, ಮಾತ್ರೆಗಳ ಬಗ್ಗೆ ಕೇಳಿ. ಬಸಿರಿಯಾಗಿದ್ದರೆ ಹೆಚ್ಚಿನ ವಿಮಾನ ಸಂಸ್ಥೆಗಳು ಸುಮಾರು 36 ವಾರಗಳ ನಂತರ ಹತ್ತಿಸಿಕೊಳ್ಳುವುದಿಲ್ಲ, ಮತ್ತು ಈ ಲೆಕ್ಕ ಮರಳುವ ದಿನಕ್ಕೂ ಅನ್ವಯಿಸುತ್ತದೆ.

ಗಂಡ ಜೊತೆಗೆ ಬರಬೇಕೇ

ಬರಬೇಕು, ಆದರೆ ಪೂರ್ತಿ ಅವಧಿಗೆ ಬೇಡ ಎಂಬುದು ನನ್ನ ಸಲಹೆ. ಹೆಂಡತಿ ಬೆಳೆದ ಮನೆ, ಬೀದಿ, ಶಾಲೆಗಳನ್ನು ಕಣ್ಣಾರೆ ಕಂಡ ಗಂಡನಿಗೆ ಅವಳ ಸ್ವಭಾವದ ಎಷ್ಟೋ ಸಂಗತಿಗಳು ಅರ್ಥವಾಗುತ್ತವೆ. ಒಂದು ವಾರ ಭಾಷೆ ಬಾರದವನಾಗಿ ಕುಳಿತರೆ, ಅವಳು ಅವನ ಊರಿನಲ್ಲಿ ವರ್ಷಗಟ್ಟಲೆ ಹೇಗಿದ್ದಾಳೆ ಎಂಬುದೂ ಅರ್ಥವಾಗುತ್ತದೆ. ಆದರೆ ಅವನು ಇರುವಷ್ಟು ದಿನವೂ ಅವಳು ದುಭಾಷಿ. ಊಟದ ಹೊತ್ತಿನಲ್ಲಿ ಅಪ್ಪ ಒಂದು ಪ್ರಶ್ನೆ ಕೇಳುತ್ತಾರೆ, ಅವಳು ಅದನ್ನು ಗಂಡನಿಗೆ ಹೇಳುತ್ತಾಳೆ, ಉತ್ತರವನ್ನು ಅಪ್ಪನಿಗೆ ತಲುಪಿಸುತ್ತಾಳೆ. ಅಷ್ಟರಲ್ಲಿ ಅಣ್ಣನ ತಮಾಷೆಗೆ ಎಲ್ಲರೂ ನಗುತ್ತಾರೆ, ಗಂಡ ಅವಳ ಮುಖ ನೋಡುತ್ತಾನೆ, ಅವಳು ಅದನ್ನೂ ವಿವರಿಸುತ್ತಾಳೆ. ಎಲ್ಲರೂ ಕೈತೊಳೆದು ಎದ್ದಾಗ ಅವಳ ತಟ್ಟೆಯಲ್ಲಿ ಊಟ ಹಾಗೆಯೇ ಆರಿರುತ್ತದೆ, ಅಮ್ಮನಿಗೆ ಹೇಳಬೇಕೆಂದುಕೊಂಡಿದ್ದ ಮಾತು ಹೇಳದೆಯೇ ಉಳಿದಿರುತ್ತದೆ. ಹೀಗಾಗಿ ಅವನು ಕೊನೆಯ ಒಂದೆರಡು ವಾರಕ್ಕೆ ಬಂದು, ಜೊತೆಯಾಗಿ ಮರಳುವ ಏರ್ಪಾಡು ಒಳ್ಳೆಯದು. ಮೊದಲ ವಾರಗಳು ಮಗಳಿಗೆ ಮಗಳಾಗಿ ಇರಲು ಸಿಗುತ್ತವೆ, ಮರಳುವ ಪ್ರಯಾಣದಲ್ಲಿ ಅವಳು ಒಂಟಿಯಾಗುವುದಿಲ್ಲ.

ಅತ್ತೆ ಮಾವ ಜೊತೆಯಲ್ಲಿದ್ದರೆ ಭೇಟಿಯ ದಿನಗಳನ್ನು ಮೊದಲು ಗಂಡ ಹೆಂಡತಿ ಇಬ್ಬರೇ ನಿರ್ಧರಿಸಿ, ಅನಂತರ ಗಂಡನೇ ತನ್ನ ತಂದೆ ತಾಯಿಗೆ ತಿಳಿಸುವುದು ಸರಿ. ಸೊಸೆ ಕೇಳಿದರೆ ಅದು ಅನುಮತಿಯ ಪ್ರಶ್ನೆಯಾಗುತ್ತದೆ, ಮಗ ಹೇಳಿದರೆ ಮನೆಯ ನಿರ್ಧಾರವಾಗುತ್ತದೆ. ನೀವಿಲ್ಲದ ದಿನಗಳಲ್ಲಿ ಹಿರಿಯರ ಔಷಧಿ, ಆಸ್ಪತ್ರೆಯ ದಿನಾಂಕಗಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಅದೇ ಮಾತುಕತೆಯಲ್ಲಿ ಹೇಳಿದರೆ ಅವರ ನಿಜವಾದ ಆತಂಕ ಅರ್ಧಕ್ಕರ್ಧ ಇಳಿಯುತ್ತದೆ.

ತವರಿನಲ್ಲಿ

ಮೊದಲ ವಾರ ಯಾರ ಮನೆಗೂ ಹೋಗುವ ಮಾತು ಕೊಡಬೇಡಿ. ಬರಲೇಬೇಕೆಂದು ಒತ್ತಾಯಿಸುವವರನ್ನು ಒಂದು ದಿನ ಎಲ್ಲರನ್ನೂ ಒಟ್ಟಿಗೆ ನಿಮ್ಮ ತವರಿನ ಮನೆಗೇ ಕರೆಯುವುದು ಎರಡೂ ಕಡೆಗೆ ಹಗುರ. ಉಡುಗೊರೆಗಳ ವಿಷಯದಲ್ಲಿ ಹೊರಡುವ ಮುಂಚೆಯೇ ಗಂಡನೊಂದಿಗೆ ಒಂದು ಮೊತ್ತ ಗೊತ್ತುಮಾಡಿಕೊಂಡು ಅದರೊಳಗೇ ಇರಬೇಕು. ಮೊದಲ ಭೇಟಿಯಲ್ಲಿ ಕೈಮೀರಿ ಖರ್ಚು ಮಾಡಿದರೆ ಮುಂದಿನ ಪ್ರತಿ ಭೇಟಿಗೂ ಅದೇ ಅಳತೆಗೋಲಾಗುತ್ತದೆ, ಕೊನೆಗೆ ಖರ್ಚಿಗೆ ಹೆದರಿ ಬರುವುದನ್ನೇ ಮುಂದೂಡುವಂತಾಗುತ್ತದೆ. ಯಾರಾದರೂ ಸಾಲ ಕೇಳಿದರೆ ಅಲ್ಲಿಯೇ ಉತ್ತರ ಕೊಡದೆ, ಇಬ್ಬರೂ ಮಾತನಾಡಿ ತಿಳಿಸುತ್ತೇವೆ ಎಂದು ಹೇಳುವುದು ಉಚಿತ.

ಮೂರನೆಯ, ನಾಲ್ಕನೆಯ ದಿನದ ಹೊತ್ತಿಗೆ ಒಂದು ವಿಚಿತ್ರ ಬೇಸರ ಆವರಿಸಬಹುದು. ಕಣ್ಣು ಮುಚ್ಚಿ ಕೈ ಚಾಚಿದರೂ ಲೋಟ ಸಿಗುತ್ತಿದ್ದ ಗೂಡಿನಲ್ಲಿ ಈಗ ಔಷಧಿಯ ಪೆಟ್ಟಿಗೆಗಳಿರುತ್ತವೆ, ಲೋಟ ಎಲ್ಲಿದೆ ಎಂದು ಅತ್ತಿಗೆಯನ್ನು ಕೇಳಬೇಕಾಗುತ್ತದೆ. ನಿಮ್ಮ ಕೋಣೆ ಇನ್ನೊಬ್ಬರದಾಗಿರುತ್ತದೆ. ಫೋನಿನಲ್ಲಿ ಗಟ್ಟಿಯಾಗಿ ಕೇಳಿಸುತ್ತಿದ್ದ ಅಪ್ಪನ ದನಿಗೂ ಎದುರು ಕುಳಿತ ಅಪ್ಪನ ದೇಹಕ್ಕೂ ಹೊಂದಿಕೆಯೇ ಕಾಣುವುದಿಲ್ಲ. ಅತ್ತ ನೆಂಟರು, ನೀನು ಬದಲಾಗಿದ್ದೀಯ ಎನ್ನುತ್ತಾರೆ. ಸಮಯಕ್ಕೆ ಸರಿಯಾಗಿ ಹೊರಡುವುದು, ಬೇಡ ಎಂಬುದನ್ನು ನೇರವಾಗಿ ಹೇಳುವುದು, ಒಂದು ಗಂಟೆ ಬಾಗಿಲು ಮುಚ್ಚಿಕೊಂಡು ಒಬ್ಬಳೇ ಇರಬೇಕೆನಿಸುವುದು ಇವೆಲ್ಲ ಹೊಸ ಊರಿನಲ್ಲಿ ಬದುಕಲು ಕಲಿತ ವಿದ್ಯೆಗಳು. ಇಲ್ಲಿ ಅವೇ ಬಿಂಕದಂತೆ ಕಾಣಿಸಬಹುದು. ಹೌದು, ಕೆಲವು ರೂಢಿಗಳು ಬದಲಾಗಿವೆ ಎಂದು ಒಪ್ಪಿಕೊಂಡರೆ ಮಾತು ಅಲ್ಲಿಗೇ ಮುಗಿಯುತ್ತದೆ. ಬದಲಾಗಿಲ್ಲ ಎಂದು ಸಾಧಿಸಲು ಹೊರಟರೆ ಉಳಿದ ದಿನಗಳೆಲ್ಲ ನಟನೆಯಲ್ಲೇ ಕಳೆದುಹೋಗುತ್ತವೆ.

ಹೆತ್ತವರಿಗೆ ನಿಮ್ಮ ಹೊಸ ಬದುಕಿನ ಬಗ್ಗೆ ಎಷ್ಟು ಹೇಳಬೇಕು? ನನ್ನ ದೃಷ್ಟಿಯಲ್ಲಿ, ಚಿತ್ರಗಳಲ್ಲಿ ಕಾಣುವ ಬದುಕಿಗಿಂತ ಒಂದಿಷ್ಟು ಹೆಚ್ಚು ಹೇಳಬೇಕು. ಭಾಷೆ ಕಷ್ಟವಾಗಿದೆ, ಚಳಿಗಾಲದಲ್ಲಿ ಮನಸ್ಸು ಕುಗ್ಗುತ್ತದೆ, ಓದಿಗೆ ತಕ್ಕ ಕೆಲಸ ಇನ್ನೂ ಸಿಕ್ಕಿಲ್ಲ ಎಂಬಂಥ ಮಾತುಗಳನ್ನು ಅವರು ತಾಳಿಕೊಳ್ಳಬಲ್ಲರು. ಏನನ್ನೂ ಹೇಳದೆ ಬಂದರೆ, ಮುಂದೆ ನಿಜವಾದ ಕಷ್ಟ ಬಂದ ದಿನ ಹೇಳಲು ದಾರಿಯೇ ಇರುವುದಿಲ್ಲ. ಅದೇ ಭೇಟಿಯಲ್ಲಿ ಕೇಳಬೇಕಾದ ಕಠಿಣ ಪ್ರಶ್ನೆಗಳೂ ಇವೆ: ಅವರ ಕಾಯಿಲೆಗಳೇನು, ಯಾವ ವೈದ್ಯರು ನೋಡುತ್ತಾರೆ, ತುರ್ತು ಬಂದರೆ ಮೊದಲು ಯಾರು ಬರುತ್ತಾರೆ, ನೀವು ಸಮಯಕ್ಕೆ ತಲುಪಲಾಗದಿದ್ದರೆ ಅವರ ಇಚ್ಛೆ ಏನು. ಈ ಕೊನೆಯ ಪ್ರಶ್ನೆಯನ್ನು ಕೇಳುವಾಗ ಗಂಟಲು ಕಟ್ಟುತ್ತದೆ. ಆದರೂ ಮುಖಾಮುಖಿ ಕುಳಿತಿರುವಾಗ ಕೇಳಿದ ಮಗಳಿಗೆ, ದೂರದಿಂದ ಆ ಫೋನ್ ಬಂದ ದಿನ ಕೈಯಲ್ಲಿ ಹಿಡಿಯಲು ಅವರದೇ ಮಾತೊಂದು ಇರುತ್ತದೆ.

ಮರಳಿದ ಮೇಲೆ

ಮರಳಿ ಬಂದ ಮೊದಲ ಎರಡು ಮೂರು ವಾರಗಳು ಹೊಸದಾಗಿ ಬಂದಾಗಿನ ದಿನಗಳಿಗಿಂತಲೂ ಭಾರವಾಗಿರಬಹುದು, ಏಕೆಂದರೆ ಆಗ ಇದ್ದ ಹೊಸತನದ ಉತ್ಸಾಹ ಈಗ ಇರುವುದಿಲ್ಲ. ಗಂಡನಿಗೆ ಇದನ್ನು ಮುಂಚೆಯೇ ಸ್ಪಷ್ಟವಾಗಿ ತಿಳಿಸಿಡಬೇಕು: ನಾನು ಅತ್ತರೆ ನಿನ್ನೊಂದಿಗೆ ಬೇಸರವಾಗಿದೆ ಎಂದಲ್ಲ, ಸ್ವಲ್ಪ ದಿನ ಅಡುಗೆಯ ಪಾಲು ನೀನು ತೆಗೆದುಕೋ, ಸಂಜೆ ಹೊರಗೆ ನಡೆಯಲು ಕರೆದುಕೊಂಡು ಹೋಗು. ಹೀಗೆ ಮಾಡಬೇಕಾದ ಕೆಲಸವನ್ನೇ ಹೇಳಿದರೆ ಅವನಿಗೂ ಅನುಕೂಲ. ಅರ್ಥಮಾಡಿಕೋ ಎಂದಷ್ಟೇ ಹೇಳಿದರೆ ಏನು ಮಾಡಬೇಕೆಂದು ತಿಳಿಯದು. ಮರಳಿದ ವಾರದಲ್ಲೇ ಭಾಷೆಯ ತರಗತಿ, ಕೆಲಸ ಅಥವಾ ಗ್ರಂಥಾಲಯದ ಓದುಗರ ಕೂಟದಂಥ ಯಾವುದಾದರೂ ಒಂದು ನಿಶ್ಚಿತ ಕಾರ್ಯಕ್ರಮ ಇರುವಂತೆ ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳಿ. ಸಂಸಾರವನ್ನು ಬಿಟ್ಟುಬಿಡಬೇಕು, ತವರಿಗೇ ಹೋಗಿ ನೆಲೆಸಬೇಕು ಎಂಬಂಥ ದೊಡ್ಡ ನಿರ್ಧಾರಗಳನ್ನು, ಮನೆಯಲ್ಲಿ ಹಿಂಸೆಯಿಲ್ಲದ ಪಕ್ಷದಲ್ಲಿ, ಈ ವಾರಗಳಲ್ಲಿ ತೆಗೆದುಕೊಳ್ಳಬಾರದು. ತಿಂಗಳುಗಳು ಕಳೆದರೂ ನಿದ್ದೆ, ಹಸಿವು ಸರಿಹೋಗದಿದ್ದರೆ ವೈದ್ಯರನ್ನು ಕಾಣಬೇಕು.

ಮನೋವಿಜ್ಞಾನಿ ಜಾನ್ ಬೆರ್ರಿ ಅವರು ವಲಸಿಗರು ಹಿಡಿಯುವ ನಾಲ್ಕು ದಾರಿಗಳನ್ನು ಗುರುತಿಸಿದ್ದಾರೆ: ತನ್ನದನ್ನು ಬಿಟ್ಟು ಹೊಸದರಲ್ಲಿ ಕರಗುವುದು, ಹೊಸದನ್ನು ದೂರವಿಟ್ಟು ತನ್ನದರಲ್ಲೇ ಉಳಿಯುವುದು, ಎರಡರಿಂದಲೂ ದೂರಾಗುವುದು, ಮತ್ತು ಎರಡನ್ನೂ ಉಳಿಸಿಕೊಳ್ಳುವುದು. ಮನಸ್ಸಿನ ಆರೋಗ್ಯಕ್ಕೆ ಕೊನೆಯದೇ ಒಳ್ಳೆಯದೆಂಬುದು ಅವರ ಅಧ್ಯಯನಗಳು ಮತ್ತೆಮತ್ತೆ ತೋರಿಸಿದ ಒಲವು. ದಿನನಿತ್ಯದ ಬದುಕಿನಲ್ಲಿ ಇದು ದೊಡ್ಡ ಸಾಧನೆಯೇನಲ್ಲ. ವಾರಕ್ಕೊಂದು ದಿನ ಮನೆಯಲ್ಲಿ ನಿಮ್ಮ ಭಾಷೆಯಲ್ಲೇ ಮಾತು ನಡೆಯಬೇಕು, ನಿಮ್ಮ ಕಡೆಯ ಹಬ್ಬವೂ ಮನೆಯ ಕ್ಯಾಲೆಂಡರಿನಲ್ಲಿ ಗಂಡನ ಕಡೆಯ ಹಬ್ಬದಷ್ಟೇ ದೊಡ್ಡ ಅಕ್ಷರದಲ್ಲಿರಬೇಕು, ಹಾಗೆಯೇ ನೆರೆಮನೆಯವರ ಮಾತಿಗೆ ಅವರ ಭಾಷೆಯಲ್ಲೇ ಉತ್ತರಿಸುವ ಶಕ್ತಿ ನಿಮಗೆ ಬರಬೇಕು. ಮನೆಮಂದಿ ಇದರಲ್ಲಿ ಯಾವುದಾದರೊಂದನ್ನು ಮಾತ್ರ ಬೇಡುತ್ತಿದ್ದರೆ, ಬದಲಾಗಬೇಕಾದವರು ನೀವೊಬ್ಬರೇ ಅಲ್ಲ.

ಕೊನೆಯದಾಗಿ ಒಂದು ಸಣ್ಣ ಕೆಲಸ. ದೇಶ ಬಿಟ್ಟ ದಿನ, ಮರಳಿ ಕಾಲಿಟ್ಟ ದಿನ, ಹೋದ ದೇಶ, ಕಾರಣ ಇಷ್ಟನ್ನು ಪ್ರತಿ ಪ್ರಯಾಣಕ್ಕೂ ಒಂದು ಸಾಲಿನಂತೆ ನೋಟ್‌ಬುಕ್ಕಿನಲ್ಲಿ ಬರೆದು, ಬೋರ್ಡಿಂಗ್ ಪಾಸುಗಳನ್ನು ಅದರೊಳಗೇ ಇಡಿ. ಕಾಯಂ ವಾಸಕ್ಕೋ ಪೌರತ್ವಕ್ಕೋ ಅರ್ಜಿ ಹಾಕುವಾಗ ಹಿಂದಿನ ವರ್ಷಗಳ ಗೈರುಹಾಜರಿಯ ಪಟ್ಟಿಯನ್ನು ದಿನಾಂಕದೊಂದಿಗೆ ಕೇಳುವ ದೇಶಗಳು ಬಹಳ, ಮತ್ತು ಕೆಲವು ಗಡಿಗಳಲ್ಲಿ ಈಗ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವುದನ್ನೇ ನಿಲ್ಲಿಸಿದ್ದಾರೆ. ಆ ಪುಸ್ತಕದಲ್ಲಿ ಮುಂದಿನ ಭೇಟಿಗೆಂದು ಗೊತ್ತುಮಾಡಿದ ತಿಂಗಳನ್ನೂ ಈಗಲೇ ಬರೆದಿಟ್ಟು, ಅದಕ್ಕಾಗಿ ಪ್ರತಿ ತಿಂಗಳು ಎಷ್ಟು ಹಣ ತೆಗೆದಿಡಬೇಕು ಎಂಬ ಲೆಕ್ಕವನ್ನು ಅದರ ಪಕ್ಕದಲ್ಲೇ ಹಾಕಿಕೊಳ್ಳಿ.